ಹದ ಬರುವ ತನಕ ಬಣ್ಣ ಬೇಡ

ದೆಹಲಿಯ ಚಳಿಗಾಲದಲ್ಲಿ ಸ್ವೆಟರ್ ಕಳಚಿದರೆ ಚಟಪಟ ಸದ್ದು. ಕತ್ತಲಲ್ಲಾದರೆ ಸಣ್ಣ ಕಿಡಿಗಳೂ ಕಾಣುತ್ತವೆ. ಮುಂಬೈಯ ಜುಲೈಯಲ್ಲಿ ಡಬ್ಬಿಯೊಳಗಿನ ಉಪ್ಪು ನೀರಾಡುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಇವೆರಡೂ ಬರೀ ಕಿರಿಕಿರಿ. ಮನೆಯ ಗ್ಯಾರೇಜಿನಲ್ಲಿ ಬಟ್ಟೆ ಹೊದಿಕೆಯ ವಿಮಾನ ಕಟ್ಟುವವರಿಗೆ ಮಾತ್ರ ಮೊದಲನೆಯದು ಬೆಂಕಿಯ ಭಯ, ಎರಡನೆಯದು ಬಣ್ಣದೊಳಗೇ ಕೂರುವ ದೌರ್ಬಲ್ಯ.

ವಿಮಾನವನ್ನು ಮನೆಯಲ್ಲೇ ಕಟ್ಟುವವರು ಅಮೆರಿಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರ ಸಂಘ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿತು. ಪ್ರತಿ ವರ್ಷ ಜುಲೈ ಕೊನೆಗೆ ಅಲ್ಲಿನ ಆಶ್‌ಕಾಶ್ ಊರಿನಲ್ಲಿ ಅವರ ದೊಡ್ಡ ಜಾತ್ರೆ ನಡೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಬಣ್ಣದ ಕೆಲಸಕ್ಕೂ ಹಲವರು ತಾವೇ ಕೈ ಹಾಕುತ್ತಾರೆ.

ಈ ವಿಮಾನಗಳಲ್ಲಿ ಬಣ್ಣವೆಂದರೆ ಬರೀ ಅಲಂಕಾರವಲ್ಲ. ಉಕ್ಕಿನ ಕೊಳವೆ ಅಥವಾ ಮರದ ಹಂದರದ ಮೇಲೆ ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಇಸ್ತ್ರಿ ಪೆಟ್ಟಿಗೆಯ ಬಿಸಿಯಿಂದ ಅದನ್ನು ತಮಟೆಯ ಚರ್ಮದಂತೆ ಬಿಗಿ ಮಾಡುತ್ತಾರೆ. ಆಮೇಲೆ ಪದರಗಳು ಶುರು. ಮೊದಲನೆಯದು ನೇಯ್ಗೆಯ ಕಿಂಡಿಗಳನ್ನು ಮುಚ್ಚುತ್ತದೆ. ಅಲ್ಯೂಮಿನಿಯಂ ಪುಡಿ ಬೆರೆತ ಬೆಳ್ಳಿ ಬಣ್ಣದ ಪದರ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಬಟ್ಟೆ ಬೇಗ ಜೀರ್ಣವಾಗುತ್ತದೆ. ಕಣ್ಣಿಗೆ ಕಾಣುವ ಬಣ್ಣ ಕೊನೆಯದು. ಹಳೆಯ ಪದ್ಧತಿಯಲ್ಲಿ ಬಳಸುವ ನೈಟ್ರೇಟ್ ಡೋಪ್ ಸಿಡಿಹತ್ತಿಯ ಹತ್ತಿರದ ನೆಂಟ. ಹೊಸ ಪದ್ಧತಿಗಳಲ್ಲೂ ಹಲವು ಬಣ್ಣಗಳು ಬೇಗ ಆರುವ, ಬೇಗ ಹತ್ತಿಕೊಳ್ಳುವ ದ್ರಾವಕಗಳಲ್ಲೇ ಕರಗಿರುತ್ತವೆ.

ದ್ರಾವಕ ಆವಿಯಾಗುವಾಗ ಬಟ್ಟೆಯ ಮೈ ತಣ್ಣಗಾಗುತ್ತದೆ, ಅಂಗೈ ಮೇಲೆ ಸ್ಪಿರಿಟ್ ಸುರಿದುಕೊಂಡಾಗ ಆಗುವಂತೆ. ಗಾಳಿ 25 ಡಿಗ್ರಿ ಇದ್ದು ತೇವಾಂಶ ಶೇ. 80 ಇದ್ದರೆ, ಸುಮಾರು 21 ಡಿಗ್ರಿಗೇ ಇಬ್ಬನಿ ಕೂರುತ್ತದೆ. ಮೈ ನಾಲ್ಕು ಡಿಗ್ರಿ ತಣಿದರೆ ಸಾಕು, ಹಸಿ ಬಣ್ಣದ ಮೇಲೆ ನೀರು ಬಂತೆಂದೇ ಲೆಕ್ಕ. ಅದೇ ಶಾಖದಲ್ಲಿ ತೇವಾಂಶ ಶೇ. 45 ಇದ್ದರೆ ಸುಮಾರು 13 ಡಿಗ್ರಿ ತಣಿಯಬೇಕಾಗುತ್ತದೆ. ನೀರು ಕೂತ ಪದರ ಮಬ್ಬಾಗಿ ಬಿಳಿಚಿಕೊಳ್ಳುತ್ತದೆ. ಕಸುಬಿನವರು ಇದಕ್ಕೆ ಬ್ಲಶ್ ಎನ್ನುತ್ತಾರೆ. ಬಿಳಿಚಿದ ಡೋಪ್ ಬಲ ಕಳೆದುಕೊಂಡಿರುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಅದರ ಮೇಲೆ ಇನ್ನೊಂದು ಕೋಟ್ ಬಳಿದರೆ ಕಣ್ಣಿಂದ ಮರೆಯಾಗುತ್ತದೆ, ದೋಷ ಮಾತ್ರ ಒಳಗೇ ಉಳಿಯುತ್ತದೆ.

ಹಾಗಾದರೆ ಗಾಳಿ ಒಣಗಿದಷ್ಟೂ ಒಳ್ಳೆಯದೇ? ಅಲ್ಲೇ ಇರುವುದು ಎಡವಟ್ಟು. ವಿಸ್ಕಾನ್ಸಿನ್ ಚಳಿಗಾಲದಲ್ಲಿ ಮೈನಸ್ 10 ಡಿಗ್ರಿಯ ಹೊರಗಿನ ಗಾಳಿಯನ್ನು ಗ್ಯಾರೇಜಿನಲ್ಲಿ 20 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 10ರ ಆಸುಪಾಸಿಗೆ ಇಳಿಯುತ್ತದೆ. ಪಾಲಿಯೆಸ್ಟರ್ ವಿದ್ಯುತ್ತನ್ನು ಹರಿಯಗೊಡದ ಬಟ್ಟೆ. ಒಣ ಗಾಳಿಯಲ್ಲಿ ಅದನ್ನು ಒಣ ಅರಿವೆಯಿಂದ ಒರೆಸಿದರೂ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೂ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಧೂಳು, ನೂಲಿನ ಎಳೆ ಎಲ್ಲವನ್ನೂ ಬಟ್ಟೆ ತನ್ನತ್ತ ಸೆಳೆಯುತ್ತದೆ. ಅದು ಸಣ್ಣ ತೊಂದರೆ. ದ್ರಾವಕದ ಆವಿ ಹತ್ತಿಕೊಳ್ಳಲು ಒಂದು ಮಿಲಿಜೂಲ್‌ಗಿಂತ ಕಡಿಮೆ ಶಕ್ತಿಯ ಕಿಡಿ ಸಾಕು. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುವ ಕಿಡಿಯಲ್ಲಿ ಅಷ್ಟು ಶಕ್ತಿ ಇರಬಲ್ಲದು.

ಇದಕ್ಕೆ ಚಾಲ್ತಿಯಲ್ಲಿರುವ ಉಪಾಯಗಳು ಸುಳ್ಳಲ್ಲ, ಆದರೆ ಒಂದೊಂದೂ ಅರ್ಧ ನಿಜ. ಹಂದರಕ್ಕೆ ತಂತಿ ಕಟ್ಟಿ ಅರ್ತಿಂಗ್ ಮಾಡಲೇಬೇಕು. ಆದರೆ ಅದರಿಂದ ಲೋಹದ ವಿದ್ಯುತ್ ಮಾತ್ರ ನೆಲಕ್ಕಿಳಿಯುತ್ತದೆ, ಬಟ್ಟೆಯದು ಬಟ್ಟೆಯಲ್ಲೇ ಇರುತ್ತದೆ. ಅದಕ್ಕೇ ಉಜ್ಜುವುದನ್ನು ಕಡಿಮೆ ಮಾಡಬೇಕು, ನೈಲಾನ್ ಮತ್ತು ಉಣ್ಣೆ ಬಿಟ್ಟು ಹತ್ತಿ ಉಡಬೇಕು. ನೆಲಕ್ಕೆ ನೀರು ಹೊಡೆದರೆ ಧೂಳು ಅಡಗುತ್ತದೆ, ಸ್ಥಿರ ವಿದ್ಯುತ್ ತಗ್ಗುತ್ತದೆ. ಮೊದಲೇ ತೇವವಿರುವ ದಿನ ಅದೇ ನೀರು ಬ್ಲಶ್‌ಗೆ ದಾರಿ. ರಿಟಾರ್ಡರ್ ಬೆರೆಸಿದರೆ ಬಣ್ಣ ನಿಧಾನವಾಗಿ ಆರಿ ಬ್ಲಶ್ ತಪ್ಪಬಹುದು; ಆದರೆ ಹಸಿಯಾಗಿ ಉಳಿದಷ್ಟು ಹೊತ್ತೂ ಬಣ್ಣ ಇಳಿಯುತ್ತದೆ, ಧೂಳು ಕೂರುತ್ತದೆ. ಒಲೆ ಉರಿಸಿ ಗ್ಯಾರೇಜು ಬಿಸಿ ಮಾಡುವುದಂತೂ ಆವಿಗೆ ಕೈಯಾರೆ ಕಿಚ್ಚಿಟ್ಟಂತೆ.

ಇನ್ನೊಂದು ಸಂಗತಿಯಿದೆ. ಉಸಿರಿಗೂ ಬೆಂಕಿಗೂ ಹೆದರಿ ಆವಿಯನ್ನು ಕಿಡಿ ಹಾರದ ಫ್ಯಾನಿನಿಂದ ಹೊರಹಾಕಲೇಬೇಕು. ಹೋದಷ್ಟು ಗಾಳಿ ಹೊರಗಿನಿಂದ ಒಳಬರುತ್ತದೆ. ಅಂದಮೇಲೆ ಸ್ಪ್ರೇ ಗನ್ ಹಿಡಿದ ಗಳಿಗೆಯಲ್ಲಿ ಗ್ಯಾರೇಜಿನ ಹವೆ ಎಂದರೆ ಊರಿನ ಹವೆಯೇ. ಕಾರ್ಖಾನೆಯ ಬೂತ್ ಇಲ್ಲದವರು ಹವೆಯನ್ನು ಗೆಲ್ಲಲಾಗದು, ಕಾಯಬಹುದು ಅಷ್ಟೇ.

ಕನ್ನಡದ ರೈತರಿಗೆ ಇದು ಹೊಸ ಮಾತಲ್ಲ. ನೆಲ ಕೆಸರಾಗಿದ್ದರೂ ಉಳುವಂತಿಲ್ಲ, ಕಲ್ಲಾಗಿದ್ದರೂ ಉಳುವಂತಿಲ್ಲ; ಹದ ಬರಬೇಕು. ಬಟ್ಟೆಯ ರೆಕ್ಕೆಗೂ ಹಾಗೆಯೇ. ಬಣ್ಣದ ಡಬ್ಬಿಯ ಜೊತೆ ಬರುವ ಸೂಚನೆಯೇ ಅಂತಿಮ. ಸ್ಥೂಲವಾಗಿ ತೇವಾಂಶ ಶೇ. 40ರಿಂದ 60ರ ನಡುವೆ ಇರುವ ದಿನ ಎರಡೂ ಅಪಾಯಗಳು ತಗ್ಗಿರುತ್ತವೆ. ಅದನ್ನು ತಿಳಿಯಲು ಬೇಕಾದದ್ದು ಒಂದು ಹೈಗ್ರೋಮೀಟರ್. ಸ್ಪ್ರೇ ಗನ್‌ಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಅದು.

ಕಷ್ಟವಿರುವುದು ಅಳೆಯುವುದರಲ್ಲಲ್ಲ, ಅಳೆದ ಮೇಲೆ ನಿಲ್ಲಿಸುವುದರಲ್ಲಿ. ಕಾರ್ಖಾನೆಯಲ್ಲಾದರೆ ಇವತ್ತು ಬೇಡ ಎನ್ನಲು ಮೇಲ್ವಿಚಾರಕರಿರುತ್ತಾರೆ. ಇಲ್ಲಿ ಕೆಲಸಗಾರ, ಮೇಲ್ವಿಚಾರಕ, ಮಾಲೀಕ ಮೂವರೂ ಒಬ್ಬರೇ. ಅವರಿಗೆ ಸಿಗುವುದು ವಾರದ ಎರಡು ರಜೆ ದಿನ. ಜುಲೈ ಜಾತ್ರೆಗೆ ವಿಮಾನ ಮುಗಿಸುವ ಹಟ ಹತ್ತಿತೆಂದರೆ ಅವಸರದ ದಿನಗಳು ಬರುವುದೂ ತೇವ ಏರಿರುವ ಬೇಸಿಗೆಯಲ್ಲೇ. ಕ್ಯಾಲೆಂಡರ್ ಒಂದು ಹೇಳುತ್ತದೆ, ಹೈಗ್ರೋಮೀಟರ್ ಇನ್ನೊಂದು. ಕ್ಯಾಲೆಂಡರಿನ ಮಾತು ಕೇಳುವುದು ತಪ್ಪು.

ನೀರಿನಲ್ಲಿ ಕರಗುವ ಹೊಸ ಬಣ್ಣಗಳು ಬಂದಿರುವಾಗ ಈ ಚಿಂತೆ ಯಾಕೆ ಎನ್ನಬಹುದು. ಅವುಗಳಿಂದ ಬೆಂಕಿಯ ಭಯ ಬಹಳ ಇಳಿಯುತ್ತದೆ, ಅದು ದೊಡ್ಡ ಲಾಭವೇ. ಆದರೆ ತೇವದ ಗಾಳಿಯಲ್ಲಿ ನೀರು ನಿಧಾನವಾಗಿ ಆರುತ್ತದೆ, ಒಣ ಗಾಳಿಯಲ್ಲಿ ಬಟ್ಟೆ ಆಗಲೂ ಧೂಳು ಸೆಳೆಯುತ್ತದೆ. ಹದ ನೋಡುವ ಕೆಲಸ ತಪ್ಪುವುದಿಲ್ಲ.

ಕನ್ನಡನಾಡಿಗೂ ಈ ಕಸುಬು ಹೊರಗಿನದಲ್ಲ. 1958ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಹಾರಿದ ಪುಷ್ಪಕ್ ಕೂಡ ಬಟ್ಟೆ ಹೊದಿಕೆಯ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹಾರಲು ಕಲಿತವರನ್ನು ಅದು ಹೊತ್ತಿದೆ. ಬಟ್ಟೆಯ ವಿಮಾನಕ್ಕೆ ಚೆನ್ನೈಯ ಹದ ಬೇರೆ, ದೆಹಲಿಯದು ಬೇರೆ, ವಿಸ್ಕಾನ್ಸಿನ್‌ನದು ಇನ್ನೂ ಬೇರೆ.

ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನದೊಳಗೆ ಪ್ರಯಾಣಿಕರಿಗೆ ಕಾಣುವಂತೆ ಒಂದು ಫಲಕ ಹಾಕಿರುತ್ತಾರೆ: ಇದು ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬರ್ಥದ ಎಚ್ಚರಿಕೆ. ಅದನ್ನು ಓದಿಯೂ ಹೆಂಡತಿಯೋ ಮಗಳೋ ಗೆಳೆಯನೋ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಬೆಳ್ಳಿ ಪದರದ ಕೆಳಗೆ ಏನಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಬಣ್ಣ ಹೊಡೆದವರಿಗೆ ಮಾತ್ರ. ಮುಳ್ಳು ಶೇ. 80 ತೋರಿಸಿದ ಶನಿವಾರ ಸ್ಪ್ರೇ ಗನ್ ತೊಳೆದಿಟ್ಟು ಬೇರೆ ಕೆಲಸಕ್ಕೆ ಕೈ ಹಾಕಿದವರು ಆ ವಾರ ಕಳೆದುಕೊಂಡದ್ದು ಒಂದು ದಿನ, ಅಷ್ಟೇ.