ಬಾಗಿಲು ತಟ್ಟಿದರೆ ಪೊಲೀಸರ ಗಂಟೇನು ಹೋಗುತ್ತೆ?

ಮಧ್ಯರಾತ್ರಿ ಯಾರೋ ಅಂಗಡಿಯ ಶಟರ್ ಒಡೆಯುತ್ತಿದ್ದಾರೆ. ಒಳಗೆ ಮಲಗಿದ ಹುಡುಗ ಕೈಗೆ ಸಿಕ್ಕ ಸಲಾಕೆ ಹಿಡಿದು ನಿಲ್ಲುತ್ತಾನೆ. ಬಂದವರು ಕಳ್ಳರೋ ಪೊಲೀಸರೋ, ಕತ್ತಲಲ್ಲಿ ಅವನಿಗೆ ಹೇಗೆ ಗೊತ್ತಾಗಬೇಕು?

ಅಮೆರಿಕದ ಲೂಯಿವಿಲ್ ನಗರದಲ್ಲಿ 2020ರ ಮಾರ್ಚ್ 13ರಂದು ಆದದ್ದು ಇಂಥದ್ದೇ. ಅಲ್ಲಿ ಸಲಾಕೆ ಬದಲು ಪಿಸ್ತೂಲಿತ್ತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿಯುತ್ತಿದ್ದ 26 ವರ್ಷದ ಬ್ರಿಯೋನಾ ಟೇಲರ್ ಮನೆಯ ಬಾಗಿಲನ್ನು ಪೊಲೀಸರು ಮುರಿದರು. ಕಳ್ಳರು ನುಗ್ಗಿದರೆಂದು ಆಕೆಯ ಗೆಳೆಯ ಒಂದು ಗುಂಡು ಹಾರಿಸಿದ. ಒಬ್ಬ ಪೊಲೀಸನ ತೊಡೆಗೆ ತಗುಲಿತು. ಪೊಲೀಸರು ತಿರುಗಿ ಹಾರಿಸಿದ್ದು 32! ಬ್ರಿಯೋನಾ ಸತ್ತಳು. ಮನೆಯಲ್ಲಿ ಮಾದಕ ವಸ್ತು ಚೂರೂ ಸಿಗಲಿಲ್ಲ.

‘ತಟ್ಟದೆ ನುಗ್ಗಿ’ ಎನ್ನುವ ಜಾತಿಯ ವಾರಂಟು ಅವರಿಗೆ ಸಿಕ್ಕಿತ್ತು. ಆದರೂ ತಟ್ಟಿದೆವು, ಕೂಗಿದೆವು ಅಂತ ಆಮೇಲೆ ಹೇಳಿದರು. ನೆರೆಯವರಲ್ಲಿ ಹೆಚ್ಚಿನವರು ಕೂಗು ಕೇಳಲೇ ಇಲ್ಲ ಅಂದರು. ವಾರಂಟಿಗಾಗಿ ಕೊಟ್ಟ ಪ್ರಮಾಣಪತ್ರದಲ್ಲೇ ಸುಳ್ಳಿತ್ತೆಂದು 2022ರಲ್ಲಿ ಒಬ್ಬ ಪತ್ತೇದಾರಿ ಅಧಿಕಾರಿಯೇ ಕೋರ್ಟಿನಲ್ಲಿ ಒಪ್ಪಿಕೊಂಡರು.

ತಟ್ಟಿದರೆ ಒಳಗಿನವರು ಮಾಲನ್ನು ಕಕ್ಕಸಿಗೆ ಸುರಿದು ನೀರು ಬಿಡ್ತಾರೆ ಎಂಬುದು ಪೊಲೀಸರ ವಾದ. ಬಿಡಲಿ ಬಿಡಿ! ಕಕ್ಕಸಿನಲ್ಲಿ ಹರಿದುಹೋಗುವಷ್ಟು ಮಾಲಿಗೆ ಒಂದು ಹೆಣ್ಣಿನ ಜೀವ, ಒಬ್ಬ ಪೊಲೀಸನ ತೊಡೆ ಕೊಡಬೇಕೆ? ಆ ನಗರಸಭೆ 2020ರ ಜೂನಿನಲ್ಲಿ ಇಂಥ ವಾರಂಟನ್ನೇ ನಿಷೇಧಿಸಿತು. ಸೆಪ್ಟೆಂಬರಿನಲ್ಲಿ ಆಕೆಯ ಕುಟುಂಬಕ್ಕೆ 1 ಕೋಟಿ 20 ಲಕ್ಷ ಡಾಲರ್ ಪರಿಹಾರ ಒಪ್ಪಿಕೊಂಡಿತು. ಬುದ್ಧಿ ಬಂತು, ಹೆಣ ಬಿದ್ದ ಮೇಲೆ.

ನಮ್ಮ ಕಾನೂನು ಈ ವಿಷಯದಲ್ಲಿ ವಾಸಿ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 47ನೇ ಕಲಮು ಹೇಳಿದ್ದನ್ನೇ, 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 44ನೇ ಕಲಮೂ ಹೇಳುತ್ತೆ: ಬಂದವರು ತಾವು ಯಾರು, ಏಕೆ ಬಂದೆವು ಎಂದು ತಿಳಿಸಿ ಒಳಗೆ ಬಿಡಿ ಎಂದು ಕೇಳಬೇಕು. ಬಿಡದಿದ್ದರೆ ಮಾತ್ರ ಬಾಗಿಲು ಒಡೆಯಬಹುದು. ಶೋಧಕ್ಕೆ ಇಬ್ಬರು ಪಂಚರು ಬೇಕು, ಈಗ ವಿಡಿಯೋ ಚಿತ್ರೀಕರಣವೂ ಬೇಕು. ತಟ್ಟಿದರೋ ಇಲ್ಲವೋ ಎಂಬ ಜಗಳಕ್ಕೆ ಅಲ್ಲೇ ಸಾಕ್ಷಿ ಸಿಕ್ಕೀತು.

ಕಲಮೇನೋ ಪುಸ್ತಕದಲ್ಲಿದೆ. ಆದರೆ ಪಕ್ಕದ ಮನೆಗೆ ಜೀಪು ಬಂದು ಪಂಚರಾಗಿ ಬನ್ನಿ ಅಂದರೆ, ಪೇಟೆಯ ಮರ್ಯಾದಸ್ಥರು ‘ನಮಗ್ಯಾಕೆ ಇಲ್ಲದ ಉಸಾಬರಿ’ ಅಂತ ದೀಪ ಆರಿಸಿಬಿಡ್ತಾರೆ. ಆಗ ಠಾಣೆಯ ಖಾಯಂ ಪಂಚರೇ ಬಂದು ಮಹಜರಿಗೆ ರುಜು ಹಾಕಿ ಹೋಗ್ತಾರೆ.