ಶುಕ್ರ್‌ನ ಲೆಕ್ಕ ಬೇರೆ, ಬಾಕಿಯ ಲೆಕ್ಕ ಬೇರೆ

ಊರಿನಿಂದ ಫೋನ್ ಬಂದು "ಹೇಗಿದ್ದಿ?" ಎಂದು ಕೇಳಿದರೆ "ಅಲ್‌ಹಮ್ದುಲಿಲ್ಲಾಹ್, ಸುಖ" ಎಂದು ಹೇಳಿ ಮುಗಿಸುವವರು ನಾವು. ಜ್ವರ ಇದ್ದರೂ ಅದೇ ಮಾತು, ಸಂಬಳ ಬಾರದಿದ್ದರೂ ಅದೇ ಮಾತು, ನಿಜವಾಗಿ ಸುಖವಾಗಿದ್ದಾಗಲೂ ಅದೇ ಮಾತು. ಆ ಮಾತು ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ "ಯಾವುದಕ್ಕೆ ಅಲ್‌ಹಮ್ದುಲಿಲ್ಲಾಹ್?" ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ನಮ್ಮಲ್ಲಿ ಎಷ್ಟು ಮಂದಿ ನಾಲ್ಕು ವಿಷಯ ಎಣಿಸಿ ಹೇಳಬಲ್ಲೆವು? ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಅದು ಬಿಲ್ ಇಲ್ಲದ ವೋಚರ್ ಇದ್ದ ಹಾಗೆ. ಮೊತ್ತ ಬರೆದಿದೆ, ಸಹಿಯೂ ಉಂಟು, ಯಾವ ಬಾಬ್ತು ಎಂದು ಮಾತ್ರ ಗೊತ್ತಿಲ್ಲ.

ಬಾಬ್ತು ಗೊತ್ತಿಲ್ಲದಿದ್ದರೆ ಎಂತ ಆಗುತ್ತದೆ ಎಂದರೆ, ಬೇರೆಯವರು ಆ ಜಾಗದಲ್ಲಿ ತಮಗೆ ಬೇಕಾದ್ದನ್ನು ಬರೆದುಕೊಳ್ಳುತ್ತಾರೆ. ಆ ವಿಷಯಕ್ಕೆ ಮುಂದೆ ಬರೋಣ. ಮೊದಲು ನಮಗೆ ಸಿಕ್ಕಿದ್ದನ್ನು ಎಣಿಸುವ.

ಲೆಕ್ಕದ ಪುಸ್ತಕಕ್ಕೆ ಒಂದು ಕೊರತೆ ಉಂಟು. ಆದದ್ದು ಮಾತ್ರ ಅದರಲ್ಲಿ ಬರುತ್ತದೆ, ಆಗದೆ ತಪ್ಪಿಹೋದದ್ದು ಬರುವುದಿಲ್ಲ. ಪತ್ರಿಕೆಯೂ ಹಾಗೆಯೇ. ನಿನ್ನೆ ರಾತ್ರಿ ಮನಾಮ, ಗುದೈಬಿಯಾ, ಮುಹರ್ರಕ್‌ನ ಬ್ಯಾಚುಲರ್ ರೂಮುಗಳಲ್ಲಿ ಜನ ನೆಮ್ಮದಿಯಿಂದ ಮಲಗಿ, ಸುಬಹಿಗೆ ಎದ್ದು, ಚಾ ಕುಡಿದು ಕೆಲಸಕ್ಕೆ ಹೋದರು ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಬರೆಯುವುದು 2024ರ ಜೂನ್ 12ರಂಥ ದಿನದ ಬಗ್ಗೆ. ಅಂದು ಬೆಳಗಿನ ಜಾವ ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ ಹೊತ್ತಿಕೊಂಡದ್ದು ನೆಲಮಹಡಿಯಲ್ಲಿ, ಮೇಲಿನವರನ್ನು ಕೊಂದದ್ದು ಹೊಗೆ. ಎರಡು ದಿನದ ನಂತರ 45 ಭಾರತೀಯರ ಮೃತದೇಹಗಳನ್ನು ಹೊತ್ತು ವಾಯುಪಡೆಯ ವಿಮಾನ ಕೊಚ್ಚಿಯಲ್ಲಿ ಇಳಿಯಿತು. ಹೆಚ್ಚಿನವರು ಕೇರಳದವರು, ನಮ್ಮ ಕರ್ನಾಟಕದವರೂ ಒಬ್ಬರು ಇದ್ದರು. ಅದೇ ಜೂನ್ 12ರಂದು ಇಲ್ಲಿ ಮನಾಮದ ಹಳೇ ಸೂಕ್‌ನಲ್ಲೂ ಬೆಂಕಿ ಎದ್ದು ಹಲವು ಅಂಗಡಿಗಳು ಸುಟ್ಟುಹೋದವು, ಜೀವಗಳೂ ಹೋದವು. ಹಳಬರಿಗೆ ಇನ್ನೊಂದು ದಿನ ನೆನಪಿರಬಹುದು. 2006ರ ಜುಲೈ 30ರಂದು ಗುದೈಬಿಯಾದ ಕಟ್ಟಡವೊಂದರಲ್ಲಿ 16 ಮಂದಿ ಭಾರತೀಯ ಕಾರ್ಮಿಕರು ಹೀಗೆಯೇ ಹೋದರು.

ಇಂಥ ಸುದ್ದಿ ಓದಿ "ಅಲ್ಲಾಹು ಕಾಪಾಡಿದ, ನಾವು ಅಲ್ಲಿರಲಿಲ್ಲ" ಎಂದು ಎದೆ ಮುಟ್ಟಿಕೊಳ್ಳುವುದು ಸಹಜ. ಅದೂ ಶುಕ್ರೇ. ಆದರೆ ಮಂಗಫ್‌ನ ಸುದ್ದಿ ಬಂದ ವಾರ ನಾವಿರುವ ಕಟ್ಟಡದಲ್ಲಿ ಬೇರೆಯೇ ಒಂದು ಕೆಲಸ ನಡೆಯಿತು. ನಾಲ್ಕು ವರ್ಷದಿಂದ ಮೆಟ್ಟಿಲ ಕೆಳಗೆ ಬಿದ್ದುಕೊಂಡಿದ್ದ ಹಾಸಿಗೆಗಳು, ಹಳೇ ಎಸಿಯ ಡಬ್ಬ, ಊರಿಗೆ ಹೋದವನು ವಾಪಸು ಬಾರದೆ ಉಳಿದ ಸೈಕಲ್, ಎಲ್ಲ ಒಂದೇ ಶುಕ್ರವಾರ ಹೊರಗೆ ಹೋದವು. ಕೇರಳದವರು, ಬಂಗಾಳಿಗಳು, ನಾವು ಬ್ಯಾರಿಗಳು ಒಟ್ಟಿಗೆ ಸೇರಿ ಹೊತ್ತದ್ದು. ಒಂದೇ ಪ್ಲಗ್‌ಗೆ ಮೂರು ಎಕ್ಸ್‌ಟೆನ್ಶನ್ ಚುಚ್ಚಿ ನಾಲ್ಕು ಫೋನ್, ಒಂದು ರೈಸ್ ಕುಕ್ಕರ್ ಇಟ್ಟಿದ್ದನ್ನೂ ಬಿಡಿಸಿದರು. ಟೆರೇಸಿನ ಬಾಗಿಲಿನ ಬೀಗದ ಕೀ ಯಾರ ಹತ್ತಿರ ಉಂಟು ಎಂದು ಮೊದಲ ಬಾರಿಗೆ ಎಲ್ಲರಿಗೂ ತಿಳಿಯಿತು. ಜೀವ ಉಳಿದದ್ದಕ್ಕೆ ಕೃತಜ್ಞತೆ ಹೇಳುವ ಹಲವು ದಾರಿಗಳಲ್ಲಿ ಇದು ನಮಗೆ ಬಹಳ ಹಿಡಿಸಿದ ದಾರಿ. (ಸೈಕಲ್ ಯಾರದೆಂದು ಇಂದಿಗೂ ಗೊತ್ತಾಗಲಿಲ್ಲ.)

2025ರ ಜೂನ್ 23ರ ರಾತ್ರಿಯೂ ಹಾಗೇ ನೆನಪಿಡಬೇಕಾದದ್ದು. ಕತಾರಿನ ಅಲ್ ಉದೈದ್ ಸೇನಾನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ಬಹರೈನ್ ತನ್ನ ವಾಯುಮಾರ್ಗವನ್ನು ಮುಚ್ಚಿತು. ಅಮೆರಿಕದ ನೌಕಾನೆಲೆ ಇರುವುದು ನಮ್ಮ ಜುಫೈರ್‌ನಲ್ಲಿ. ಊರಿನ ಟಿವಿಯವರು ಇಡೀ ಕೊಲ್ಲಿಯೇ ಉರಿಯುತ್ತಿದೆ ಎಂಬಂತೆ ಕೂಗುತ್ತಿದ್ದರು, ಇತ್ತ ನಮ್ಮ ಫೋನಿಗೆ ಬಿಡುವಿಲ್ಲ. ಕೆಲವೇ ಗಂಟೆಗಳಲ್ಲಿ ದಾರಿ ತೆರೆಯಿತು. ಮುಹರ್ರಕ್‌ನಲ್ಲಿ ಇರುವವರಿಗೆ ತಲೆಯ ಮೇಲೆ ಹಾರುವ ವಿಮಾನದ ಸದ್ದು ದಿನವೂ ಒಂದು ಉಪದ್ರ. ಅದು ಪುನಃ ಕೇಳಿದಾಗ ಸಿಟ್ಟು ಬಂದವರು ಯಾರೂ ಇರಲಿಕ್ಕಿಲ್ಲ.

ಇನ್ನು ದಿನನಿತ್ಯದ ಸಣ್ಣ ಸಣ್ಣ ಬರ್ಕತ್‌ಗಳು. ಗಲ್ಲಿಗೊಂದು ಕೋಲ್ಡ್ ಸ್ಟೋರ್, ಅಲ್ಲಿ ಕುಚ್ಚಲಕ್ಕಿ ಸಿಗುತ್ತದೆ, ತೆಂಗಿನೆಣ್ಣೆ ಸಿಗುತ್ತದೆ. ಕುಡಿಯುವ ಹೊಳೆ ಒಂದೂ ಇಲ್ಲದ ದ್ವೀಪದಲ್ಲಿ ಸಮುದ್ರದ ಉಪ್ಪು ತೆಗೆದ ನೀರು ನಲ್ಲಿಯಲ್ಲಿ ಬರುತ್ತದೆ. 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಮಂಗಳೂರಿನಲ್ಲಿ ಸರದಿಯಂತೆ ನೀರು ಬಿಟ್ಟಾಗ, ಮಳೆಯ ಊರಿನವರಿಗೆ ಮರಳಿನ ಊರಿನಿಂದ "ನಮಗೆ ನೀರು ಉಂಟು" ಎಂದು ಹೇಳಲು ನಾಚಿಕೆಯಾಗಿತ್ತು. ಮಗು ಮದ್ರಸಕ್ಕೆ ಹೊರಡುವುದನ್ನು ವಿಡಿಯೋದಲ್ಲಿ ನೋಡುತ್ತೇವೆ. ನಮ್ಮ ಬಾಪಂದಿರ ಕಾಲದಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಕಾಗದ ಕೊಡಬೇಕಿತ್ತು, ಇಲ್ಲ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳಿಸಬೇಕಿತ್ತು. ಮಗ ನಡೆಯಲು ಕಲಿತದ್ದು ಅವನು ಓಡಲು ಶುರು ಮಾಡಿದ ಮೇಲೆ ತಿಳಿಯುತ್ತಿತ್ತು.

ಆದರೆ ಒಂದು ವಿಷಯಕ್ಕೆ ಶುಕ್ರ್ ಹೇಳುವಾಗ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ರೂಪಾಯಿ ಬಿದ್ದ ದಿನ ಎಕ್ಸ್‌ಚೇಂಜ್‌ಗಳ ಮುಂದೆ ಕ್ಯೂ, ಎಲ್ಲರ ಮುಖದಲ್ಲೂ ಕಳೆ. 1965ರಲ್ಲಿ ಬಹರೈನ್ ತನ್ನ ದಿನಾರ್ ತರುವ ಮೊದಲು ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ಗಲ್ಫ್ ರೂಪಾಯಿ. ಆಗ ಹತ್ತು ರೂಪಾಯಿಗೆ ಒಂದು ದಿನಾರ್, ಈಗ ಇನ್ನೂರಕ್ಕೂ ಮೇಲೆ. ದಿನಾರ್ ಡಾಲರಿಗೆ ಕಟ್ಟಿದ ನಾಣ್ಯ, ಅದು ಅಲ್ಲಾಡುವುದಿಲ್ಲ, ರೂಪಾಯಿ ಮಾತ್ರ ಕೆಳಗೆ ಇಳಿಯುತ್ತದೆ. ಇಳಿದಾಗ ನಮ್ಮ ಸಂಬಳ ಒಂದು ಫಿಲ್ಸ್ ಕೂಡ ಹೆಚ್ಚುವುದಿಲ್ಲ. ಊರಿನಲ್ಲಿ ಗ್ಯಾಸ್, ಪೆಟ್ರೋಲ್, ಅಡುಗೆ ಎಣ್ಣೆಯ ರೇಟು ಹಿಂದಿನಿಂದಲೇ ಏರುತ್ತದೆ. ನಾವು ಖುಷಿಯಿಂದ ಕಳಿಸಿದ ಹೆಚ್ಚಿನ ನೋಟುಗಳಲ್ಲಿ ಒಂದಷ್ಟನ್ನು ಮನೆಯವರು ಅದೇ ಅಂಗಡಿಗೆ ಕೊಟ್ಟು ಬರುತ್ತಾರೆ.

ಈಗ ಯಾರು ಕೊಟ್ಟರು ಎಂಬ ಪ್ರಶ್ನೆ. ಕೊಡುವವನು ಅಲ್ಲಾಹು, ಅದರಲ್ಲಿ ಮಾತಿಲ್ಲ. ಆದರೆ ಅವನು ಯಾರ ಕೈಯಿಂದ ಕೊಡಿಸಿದ ಎಂದು ತಿಳಿದುಕೊಂಡರೆ ನಷ್ಟವಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿ ಬಂದದ್ದು 2007ರಲ್ಲಿ. ಮೊದಲು ಜುಲೈ, ಆಗಸ್ಟ್ ಮಾತ್ರ ಇತ್ತು. 2025ರಿಂದ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮೂರು ತಿಂಗಳಾಗಿದೆ. ಸೈಟಿನಲ್ಲಿ ಕೆಲಸ ಮಾಡುವ ನಮ್ಮವರಿಗೆ ಆ ನಾಲ್ಕು ಗಂಟೆಯ ನೆರಳಿನ ಬೆಲೆ ಗೊತ್ತು. ಅದು ತನ್ನಷ್ಟಕ್ಕೆ ಬಂದ ನೆರಳಲ್ಲ. ಬಿಸಿಲಿಗೆ ಬಿದ್ದವರನ್ನು ನೋಡಿ ಯಾರೋ ಕೇಳಿದ್ದಾರೆ, ಯಾರೋ ಬರೆದಿದ್ದಾರೆ, ಯಾರೋ ಸಹಿ ಹಾಕಿದ್ದಾರೆ.

ಮುಹರ್ರಕ್‌ನ ಹಳೇ ಗಲ್ಲಿಗಳಲ್ಲಿ ಮುತ್ತಿನ ದಾರಿ ಎಂದು ಒಂದು ಉಂಟು. 2012ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಜೆಯ ದಿನ ಸುಮ್ಮನೆ ಮಾಲ್ ಸುತ್ತುವ ಬದಲು ನಮ್ಮವರು ಒಮ್ಮೆ ಅಲ್ಲಿ ನಡೆದು ಬರಬೇಕು. ತೈಲ ಸಿಗುವ ಮೊದಲು, ಅಂದರೆ 1932ರ ಮೊದಲು, ಈ ದ್ವೀಪ ಬದುಕಿದ್ದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಮೂಗಿಗೆ ಕ್ಲಿಪ್, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದು ನಿಂತ ಜತೆಗಾರ. ಉಸಿರು ಹಿಡಿದು ಮುಳುಗುವುದು, ಚಿಪ್ಪು ಆರಿಸುವುದು, ಹಗ್ಗ ಎಳೆದು ಸೂಚನೆ ಕೊಡುವುದು. ಜೀವಂತ ಮೇಲೆ ಬಂದವರ ಬಾಯಲ್ಲಿ ಬಂದದ್ದೂ ನಮ್ಮ ಬಾಯಲ್ಲಿ ಬರುವ ಮಾತೇ ಇರಬೇಕು.

ಅವರ ಸಂಬಳದ ಕತೆ ಮಾತ್ರ ಬೇರೆ. ಸಮುದ್ರಕ್ಕೆ ಹೋಗುವ ಮೊದಲು ಮನೆ ಖರ್ಚಿಗೆಂದು ನಖೋದಾ, ಅಂದರೆ ದೋಣಿಯ ಯಜಮಾನ, ಮುಂಗಡ ಕೊಡುತ್ತಿದ್ದ. ಮುತ್ತು ಮಾರಿದ ಮೇಲೆ ಪಾಲು ಲೆಕ್ಕ ಹಾಕಿದರೆ ಬಹಳ ಸಲ ಮುಂಗಡವೇ ತೀರುತ್ತಿರಲಿಲ್ಲ, ಸಾಲ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಲೆಕ್ಕ ಬರೆಯುವವನೂ ನಖೋದಾ, ಓದಲು ಬರುವವನೂ ಅವನೊಬ್ಬನೇ. ಮುಳುಗುವವನು ಸತ್ತರೆ ಸಾಲ ಮಗನ ತಲೆಗೆ ಬರುತ್ತಿತ್ತು. 1920ರ ದಶಕದಲ್ಲಿ ನಡೆದ ಸುಧಾರಣೆಯಲ್ಲಿ ಒಂದು ಹೊಸ ನಿಯಮ ಬಂತು. ಪ್ರತಿಯೊಬ್ಬ ಮುಳುಗುಗಾರನ ಕೈಯಲ್ಲಿ ಅವನದೇ ಲೆಕ್ಕದ ಪುಸ್ತಕ ಇರಬೇಕು, ಎಷ್ಟು ಕೊಟ್ಟರು, ಎಷ್ಟು ಬಾಕಿ ಎಂದು ಅದರಲ್ಲಿ ಬರೆದಿರಬೇಕು. ಇಷ್ಟೇ. ಬಿಕಾಂ ಓದಿದವರಿಗೆ ಇದು ಮೊದಲ ವರ್ಷದ ಮೊದಲ ಪಾಠ. ಆದರೆ ಇಷ್ಟು ಸಣ್ಣ ಪುಸ್ತಕವನ್ನೂ ಎಲ್ಲ ಯಜಮಾನರು ನಗುತ್ತಾ ಒಪ್ಪಿಕೊಂಡಿರಲಿಲ್ಲ. ಒಂದು ಜೀವದ ಬೆವರು ಎಷ್ಟು ಎಂದು ಅವನೇ ಓದಿ ತಿಳಿಯಬಹುದಾದ ಕಾಗದ ಸಿಕ್ಕಿದ್ದು ಮುತ್ತು ಸಿಕ್ಕಿದ್ದಕ್ಕಿಂತ ಕಡಿಮೆ ಭಾಗ್ಯವೇ?

ಮೇಲೆ ಹೇಳಿದ ವಿಷಯ ಇಲ್ಲಿಗೇ ಬರುತ್ತದೆ. ಉಪ್ಪಿನಂಗಡಿ ಕಡೆಯ ಒಬ್ಬ ಹುಡುಗ, ಒಂದು ಕೆಫೆಟೇರಿಯಾದಲ್ಲಿ ಕೆಲಸ. ಮೂರು ತಿಂಗಳಿಂದ ಸಂಬಳವಿಲ್ಲ. ಕೇಳಿದರೆ "ಊಟ, ರೂಮ್ ಕೊಡುತ್ತಿಲ್ಲವಾ? ಕೆಲಸ ಇಲ್ಲದೆ ಊರಿನಲ್ಲಿ ಎಷ್ಟು ಜನ ಇದ್ದಾರೆ? ಇರುವುದಕ್ಕೆ ಶುಕ್ರ್ ಮಾಡು" ಎಂಬ ಉತ್ತರ. ಹೇಳಿದವರು ಅರಬಿಗಳಲ್ಲ, ಕೆಫೆಟೇರಿಯಾ ನಡೆಸುವ ನಮ್ಮವರೇ. ನಮ್ಮ ರೂಮಿಗೆ ಬಂದು ಹೇಳಿಕೊಂಡಾಗ ಹಿರಿಯರೊಬ್ಬರೂ "ಸಬರ್ ಮಾಡು ಮೋನೆ" ಎಂದರು. ಆ ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇವೆ, ಅದು ಸಬರ್‌ನ ಜಾಗವಲ್ಲ. ಕೂಲಿಯವನ ಹಕ್ಕಿನ ಬಗ್ಗೆ ನಮ್ಮ ದೀನ್ ಏನು ಹೇಳುತ್ತದೆಂದು ಮದ್ರಸದ ಬೆಂಚಿನಲ್ಲೇ ಕಲಿತವರು ನಾವು, ಪುನಃ ಬರೆಯುವ ಅಗತ್ಯವಿಲ್ಲ. ಶುಕ್ರ್ ಅಲ್ಲಾಹುವಿಗೆ ಕೊಡಬೇಕಾದದ್ದು, ಸಂಬಳ ಹುಡುಗನಿಗೆ ಕೊಡಬೇಕಾದದ್ದು. ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ಹಾಕಲು ಯಾವ ಲೆಕ್ಕಿಗನೂ ಒಪ್ಪಲಿಕ್ಕಿಲ್ಲ. ಆ ಹುಡುಗನಿಗೆ ದೂರು ಕೊಡುವ ದಾರಿ ತೋರಿಸಿದ್ದೇವೆ, ರಾಯಭಾರ ಕಚೇರಿಯ ಓಪನ್ ಹೌಸಿಗೂ ಹೋಗಲು ಹೇಳಿದ್ದೇವೆ. ಒಂದು ತಿಂಗಳದ್ದು ಸಿಕ್ಕಿದೆಯಂತೆ.

ಇನ್ನು ಒಂದು ಬರ್ಕತ್ ಉಂಟು, ಅದರ ಸುದ್ದಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಓದದೆ ಮುಂದೆ ಹೋದರು. 2024ರ ಮಾರ್ಚ್‌ನಿಂದ ಬಹರೈನಿನಲ್ಲಿ ವಿದೇಶಿ ನೌಕರರ ಇಂಡೆಮ್ನಿಟಿ ಹಣವನ್ನು ಮಾಲಕರು ತಮ್ಮ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ತಿಂಗಳು ತಿಂಗಳು ಸೋಶಿಯಲ್ ಇನ್ಶೂರೆನ್ಸ್‌ಗೆ, ಅಂದರೆ ನಾವು ಈಗಲೂ ಗೋಸಿ ಎಂದು ಕರೆಯುವ ಕಚೇರಿಗೆ, ಕಟ್ಟಬೇಕು. ಸರ್ವಿಸಿನ ಮೊದಲ ಮೂರು ವರ್ಷ ಸಂಬಳದ 4.2 ಶೇಕಡಾ, ಆಮೇಲೆ 8.4 ಶೇಕಡಾ. ಸುಲಭದಲ್ಲಿ ಹೇಳುವುದಾದರೆ, 150 ದಿನಾರ್ ಸಂಬಳದವನಿಗೆ ಮೊದಲು ತಿಂಗಳಿಗೆ 6 ದಿನಾರ್ 300 ಫಿಲ್ಸ್, ಮೂರು ವರ್ಷ ದಾಟಿದ ಮೇಲೆ 12 ದಿನಾರ್ 600 ಫಿಲ್ಸ್. ವರ್ಷಕ್ಕೆ ಗುಣಿಸಿ ನೋಡಿ, ಮೊದಲಿನದು ಅರ್ಧ ತಿಂಗಳ ಸಂಬಳ, ಎರಡನೆಯದು ಪೂರ್ತಿ ಒಂದು ತಿಂಗಳ ಸಂಬಳ ಆಗುತ್ತದೆ. ಇದು ನಮ್ಮ ಸಂಬಳದಿಂದ ಹಿಡಿಯುವಂಥದ್ದಲ್ಲ, ಮಾಲಕರು ಕಟ್ಟುವಂಥದ್ದು. 2024ರ ಮಾರ್ಚ್‌ಗಿಂತ ಹಿಂದಿನ ವರ್ಷಗಳ ಬಾಕಿ ಮಾಲಕರೇ ನೇರವಾಗಿ ಕೊಡಬೇಕು.

ಹಿಂದೆ ಹೇಗಿತ್ತು ಎಂದು ಹಳಬರನ್ನು ಕೇಳಿ. ಹದಿನೆಂಟು ವರ್ಷ ದುಡಿದು ಕೊನೆಗೆ ಹೊರಡುವ ದಿನ "ಕಂಪೆನಿ ಲಾಸಿನಲ್ಲಿದೆ" ಎಂದು ಕೇಳಿಸಿಕೊಂಡು, ಖಾಲಿ ಕಾಗದಕ್ಕೆ ಸಹಿ ಹಾಕಿ, ಟಿಕೆಟ್ ಸಿಕ್ಕಿತಲ್ಲ ಎಂದು ಶುಕ್ರ್ ಹೇಳಿ ವಿಮಾನ ಹತ್ತಿದವರು ನಮ್ಮ ಊರುಗಳಲ್ಲಿ ಇದ್ದಾರೆ. ಮಗಳ ಮದುವೆಗೆ, ಮನೆಯ ಮಾಡಿಗೆ ಎಂದು ಎಣಿಸಿಟ್ಟ ಹಣ ಅದು. ಮುತ್ತಿನ ಕಾಲದ ಆ ಪುಸ್ತಕದ ಹಾಗೆ ಈಗ ನಮ್ಮ ಲೆಕ್ಕ ಯಜಮಾನನ ಡ್ರಾಯರಿನಿಂದ ಹೊರಗೆ ಬಂದಿದೆ. ಓದಬೇಕಾದವರು ನಾವು.

ಓದುವುದು ಕಷ್ಟವಿಲ್ಲ. ಸಿಪಿಆರ್ ಇದೆ, ಇ-ಕೀ ಮಾಡಿಸಿಕೊಂಡರೆ ಸರಕಾರಿ ಆನ್‌ಲೈನ್ ಸೇವೆಯಲ್ಲಿ ನಮ್ಮ ಹೆಸರಿನಲ್ಲಿ ದಾಖಲಾದ ಸಂಬಳ ಎಷ್ಟು ಎಂದು ನೋಡಬಹುದು. ಮೊಬೈಲ್ ಗೊತ್ತಿಲ್ಲದವರಿಗೆ ರೂಮಿನ ಹುಡುಗರು ತೋರಿಸಿಕೊಡಬಹುದು. ಮೂರು ರೀಲ್ಸ್ ನೋಡುವಷ್ಟು ಹೊತ್ತು ಬೇಡ. ಕಳೆದ ವಾರ ನಮ್ಮ ರೂಮಿನಲ್ಲಿ ಇಬ್ಬರದ್ದು ತೆಗೆದು ನೋಡಿದೆವು. ಬಂಟ್ವಾಳದವರದ್ದು ಫಿಲ್ಸ್ ತನಕ ಸರಿ ಇತ್ತು, ಅವರು ಪರದೆ ನೋಡಿ ಗಟ್ಟಿಯಾಗಿಯೇ ಅಲ್‌ಹಮ್ದುಲಿಲ್ಲಾಹ್ ಎಂದರು. ಇನ್ನೊಬ್ಬರದ್ದು ಕೈಗೆ ಬರುವ ಸಂಬಳಕ್ಕಿಂತ 40 ದಿನಾರ್ ಕಡಿಮೆ ಬರೆದಿತ್ತು. ಯಾಕೆ ಎಂದು ಆಫೀಸಿನಲ್ಲಿ ಕೇಳಿದ್ದಾರೆ, ಉತ್ತರ ಬರಬೇಕಷ್ಟೆ.