ಅಂಗಡಿಯ ಸಾಲ, ಮನೆಯ ಸಾಲ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವ ನಮ್ಮ ಪರಿಚಿತರೊಬ್ಬರು ಮಗಳ ಮದುವೆಯ ಒಡವೆಗೆ ತಮ್ಮ ವ್ಯಾಪಾರದ ಕ್ರೆಡಿಟ್ ಕಾರ್ಡನ್ನೇ ಬಳಸಿದರು. ಅದು ಅವರ ಓವರ್‌ಡ್ರಾಫ್ಟ್ ಖಾತೆಗೆ ಸೇರಿದ ಕಾರ್ಡು. ಮದುವೆಯೇನೋ ಸಾಂಗವಾಗಿ ನೆರವೇರಿತು. ಮರುವಾರ ಗೂಡಿನ ಹರಾಜಿಗೆ ನಿಂತಾಗ ಖಾತೆಯ ಮಿತಿ ಮುಗಿದಿತ್ತು. ಗೂಡು ಯಾರಿಗೂ ಕಾಯುವುದಿಲ್ಲ. ದಿನ ಕಳೆದರೆ ಚಿಟ್ಟೆ ಗೂಡನ್ನು ಸೀಳಿ ಹೊರಬರುತ್ತದೆ, ಎಳೆ ಕೈಗೆ ಸಿಗದು. ಒಲೆ ಆರಬಾರದೆಂದು ಅವರು ಖಾಸಗಿಯವರಲ್ಲಿ ಹೆಚ್ಚಿನ ಬಡ್ಡಿಗೆ ಕೈಸಾಲ ಮಾಡಿದರು.

ಇವೆರಡು ಕಾರ್ಡುಗಳಿಗಿರುವ ಭೇದವೇನೆಂದು ಓದುಗ ಬಂಧುಗಳು ಕೇಳಬಹುದು. ವೈಯಕ್ತಿಕ ಕಾರ್ಡು ವ್ಯಕ್ತಿಯ ಆದಾಯವನ್ನು ನೋಡಿ ಕೊಡುವಂಥದು. ಅದರಲ್ಲಿ ಸೀರೆ ಕೊಂಡರೂ ಔಷಧಿ ಕೊಂಡರೂ ಪ್ರಶ್ನೆಯಿಲ್ಲ. ವ್ಯಾಪಾರದ ಕಾರ್ಡು ವ್ಯವಹಾರದ ವೆಚ್ಚಕ್ಕೆ ಮಾತ್ರ ಮೀಸಲು. ಹಣ ಯಾವುದಕ್ಕೆ ವಿನಿಯೋಗವಾಯಿತೆಂಬುದರ ಮೇಲೆ ಬ್ಯಾಂಕುಗಳು ನಿಗಾ ಇಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶನವಿತ್ತಿತು. ತೆರಿಗೆಯ ಲೆಕ್ಕದಲ್ಲಿಯೂ ಅಷ್ಟೆ: ಅಂಗಡಿಯ ಖರ್ಚನ್ನು ಆದಾಯದಿಂದ ಕಳೆಯಬಹುದು, ಮಗಳ ಒಡವೆಯನ್ನು ಕಳೆಯಲಾಗದು.

ಆದರೆ ನಮ್ಮ ಚಿಂತಾಮಣಿಯ ಮಂಡಿಗಳಲ್ಲಿ, ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಬಹುಪಾಲು ಅಂಗಡಿಗಳು ಒಬ್ಬರ ಮಾಲೀಕತ್ವದವು. ಅಲ್ಲಿ ಕಾರ್ಡಿನ ಮೇಲೆ ಅಂಗಡಿಯ ಹೆಸರಿದ್ದರೂ ಸಾಲಗಾರ ಯಜಮಾನನೇ. ಬಾಕಿ ನಿಂತರೆ ಮನೆ-ನಿವೇಶನಗಳೂ ಹೊಣೆಗೆ ಒಳಪಡುತ್ತವೆ. 'ಅದು ಅಂಗಡಿಯ ಸಾಲ, ನಮ್ಮದಲ್ಲ' ಎಂದು ನಿಶ್ಚಿಂತರಾಗಿರುವ ಗೃಹಿಣಿಯರು ಇದನ್ನು ತಿಳಿದಿರಬೇಕು. ಯಜಮಾನರು ತಾವಾಗಿ ಹೇಳುವುದು ವಿರಳ!

ಗೌರಿಬಿದನೂರಿನ ಬೆಳೆಗಾರರ ಕೈಯಲ್ಲಿರುವ ಕಿಸಾನ್ ಕ್ರೆಡಿಟ್ ಕಾರ್ಡು 1998ರಲ್ಲಿ ಆರಂಭವಾದ ಯೋಜನೆ. ಅದರಲ್ಲಿ ಬೆಳೆಸಾಲದ ಮೊತ್ತದ ಶೇ. 10ರಷ್ಟನ್ನು ಕೊಯ್ಲಿನ ನಂತರದ ಖರ್ಚಿಗೂ ಮನೆವಾರ್ತೆಗೂ ಎಂದು ಸೇರಿಸಿಯೇ ಮಿತಿಯನ್ನು ನಿಗದಿಪಡಿಸುತ್ತಾರೆ. ಒಕ್ಕಲುತನದಲ್ಲಿ ಹೊಲ-ಮನೆ ಬೇರೆಯಲ್ಲವೆಂದು ಬಲ್ಲವರೇ ಈ ನಿಯಮ ಬರೆದಿರಬೇಕು. ಉದ್ಯಮ್ ನೋಂದಣಿ ಹೊಂದಿದ ಅತಿಸಣ್ಣ ಉದ್ದಿಮೆಗಳಿಗೆ 5 ಲಕ್ಷ ರೂಪಾಯಿ ಮಿತಿಯ ಕಾರ್ಡನ್ನು 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಲಾಯಿತು.

ಸಾಮಾನ್ಯ ಕಾರ್ಡುಗಳಲ್ಲಿ ಗಡುವಿನೊಳಗೆ ಪೂರ್ಣ ಮೊತ್ತ ಕಟ್ಟಿದರೆ ಬಡ್ಡಿಯಿಲ್ಲ. 'ಕನಿಷ್ಠ ಬಾಕಿ'ಯನ್ನಷ್ಟೇ ಕಟ್ಟಿದರೆ ಆ ಸೌಲಭ್ಯ ತಪ್ಪುತ್ತದೆ, ತಿಂಗಳಿಗೆ ಶೇ. 3ಕ್ಕೂ ಮಿಕ್ಕ ಬಡ್ಡಿ ಅಲ್ಲಿ ಸಾಮಾನ್ಯ. ವರ್ಷಕ್ಕೆಷ್ಟೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿರಿ.

ನಮ್ಮ ಪರಿಚಿತರ ಮನೆಯಲ್ಲೀಗ ವ್ಯಾಪಾರದ ಕಾರ್ಡು ಬಿಚ್ಚಾಣಿಕೆ ಕೊಟ್ಟಿಗೆಯ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಕೈ ಅವರ ಮನೆಯವರ ಬಳಿ. ಕೈಸಾಲ ತೀರಲು ಇನ್ನೂ ಮೂರು ಕಂತುಗಳಿವೆಯಂತೆ.